ಅಕ್ಕನ ಕಿವಿ

ನಮ್ಮವರ ಅಕ್ಕ ಸೂಲಗಿತ್ತಿ. ನಮ್ಮ ಬೀದಿಯಲ್ಲಿ ಈಗ ಮೀಸೆ ತಿರುವಿಕೊಂಡು ಓಡಾಡುವ ಗಂಡಸರಲ್ಲಿ ಅರ್ಧಕ್ಕರ್ಧ ಜನರ ಕುಂಡೆಗೆ ಮೊದಲ ಏಟು ಕೊಟ್ಟವಳು ತಾನೇ ಎಂದು ಹೇಳಿ ನಗುತ್ತಿದ್ದಳು. ಬಸುರಿಯ ಹೊಟ್ಟೆಗೆ ಕಿವಿ ಹಚ್ಚಿ, ಕಣ್ಣು ಮುಚ್ಚಿ, ಸುತ್ತ ನಿಂತವರ ಬಾಯಿಗೆಲ್ಲ ಬೀಗ ಹಾಕಿಸಿ, "ಕುದುರೆ ಓಡ್ತಿದೆ, ಹೆದರಬೇಡ" ಅನ್ನುವಳು. ನನ್ನ ಮಗಳ ಎದೆಬಡಿತವನ್ನು ಮೊದಲು ಕೇಳಿದವಳೂ ಅವಳೇ. ಒಲೆಯ ಮೇಲಿನ ಹಾಲು ಉಕ್ಕುವ ಮೊದಲೇ ಹೊರಗಿನ ಕೋಣೆಯಿಂದ ನನ್ನನ್ನು ಕೂಗುವಳು. ಅತ್ತೆ ಇಲ್ಲದ ಮನೆಯಲ್ಲಿ ಅಂಥ ಕಿವಿಯೊಂದು ಇದ್ದದ್ದು ನನಗೆ ಆಗಾಗ ಕಿರಿಕಿರಿಯೇ, ಸುಳ್ಳೇಕೆ ಹೇಳಲಿ.

ನಮ್ಮವರಿಗೆ ದೇವರು ಕೊಟ್ಟದ್ದು ಗಂಟಲು. ಪರವಾನಗಿ, ನೋಂದಣಿಗಳ ತಕರಾರು ಕೇಳುವ ಸರ್ಕಾರಿ ಕಚೇರಿಯಲ್ಲಿ ಅವರು ಜವಾನರು. ವಿಚಾರಣೆಗೆ ಬಂದವರ ಹೆಸರನ್ನು ಬಾಗಿಲಲ್ಲಿ ನಿಂತು ಮೂರು ಸಲ ಕೂಗುವುದು ಅವರ ಕೆಲಸ. ಮೂರನೆಯ ಕೂಗಿಗೂ ಓಗೊಡದಿದ್ದರೆ ಒಳಗೆ 'ಗೈರು' ಎಂದು ಬರೆದು ಕಡತ ಮುಚ್ಚುತ್ತಾರೆ. ತಾಯಿ ಸತ್ತ ಮೇಲೆ ಈ ತಮ್ಮನನ್ನು ಸಾಕಿ, ಓದಿಸಿ, ಆ ಬಾಗಿಲಲ್ಲಿ ನಿಲ್ಲುವಂತೆ ಮಾಡಿದವಳು ಅಕ್ಕ. ಅವಳು ಮದುವೆ ಮಾಡಿಕೊಳ್ಳಲಿಲ್ಲ. ಯಾಕೆಂದು ಕೇಳಿದರೆ, "ಊರಿನ ಮಕ್ಕಳೆಲ್ಲ ನಂದೇ, ಹಾಲು ಕೊಡೋ ಕಷ್ಟ ಮಾತ್ರ ಬೇರೆಯವರದು" ಅನ್ನುವಳು.

ಆಮೇಲೆ ಕಾನೂನು ಬದಲಾಯಿತು. ವಯಸ್ಸಾದ ಸೂಲಗಿತ್ತಿಯರ ನೋಂದಣಿ ರದ್ದು ಮಾಡಲು ಇಲಾಖೆ ಹೊರಟಿತು. ಆದರೆ ಯಾರ ಹೊಟ್ಟೆಯ ಮೇಲೆ ಹೊಡೆಯುವ ಮೊದಲೂ ಅವರ ಮಾತು ಕೇಳಲೇಬೇಕೆಂದು ಮೇಲಿನ ಕೋರ್ಟು ಹೇಳಿತ್ತು. ಹಾಗಾಗಿ ಅಕ್ಕನಿಗೂ ನೋಟಿಸು ಬಂತು, ಅದೂ ತಮ್ಮನ ಕಚೇರಿಯಿಂದಲೇ. ನೋಂದಣಿ ಹೋದರೆ ಅವಳು ಹೆರಿಗೆಗೆ ಕೈ ಹಾಕುವಂತಿರಲಿಲ್ಲ.

ಹಿಂದಿನ ಸಂಜೆ ನಮ್ಮವರು ಅವಳಿಗೆ ಪಾಠ ಹೇಳಿಕೊಟ್ಟರು. "ಅಕ್ಕಾ, ಆ ಹಜಾರದಲ್ಲಿ ಎಲ್ಲ ರೂಮಿನವರೂ ಒಟ್ಟಿಗೆ ಕೂಗ್ತಾರೆ. ದಲ್ಲಾಳಿಗಳೂ ಹೆಸರು ಹಿಡಿದು ಕರೀತಾರೆ. ತಬ್ಬಿಬ್ಬಾಗಬೇಡ. ನನ್ನ ದನಿ ಕೇಳೋವರೆಗೂ ಬೆಂಚು ಬಿಟ್ಟು ಏಳಬೇಡ."

"ನಿನ್ನ ದನಿ ಗೊತ್ತಿಲ್ವೇನೋ ನಂಗೆ? ಹುಟ್ಟಿದಾಗ್ಲೂ ಹೀಗೇ ಕಿರುಚಿದ್ದೆ."

ಮರುದಿನ ಬೆಳಿಗ್ಗೆ ಕಚೇರಿಯಲ್ಲಿ ಹೊಸ ಸುತ್ತೋಲೆ ಓದಿದರು. ನೌಕರನ ಬಂಧುವಿನ ಪ್ರಕರಣವಿದ್ದರೆ ಅವನು ವಿಚಾರಣೆಯ ಹತ್ತಿರ ಸುಳಿಯಬಾರದು. ಬಂಧುವಿಗೆ ಅದರ ಬಗ್ಗೆ ಹೇಳಿಕೊಟ್ಟದ್ದು ತಿಳಿದರೆ ಕೆಲಸವೇ ಹೋಗುತ್ತದೆ. ನ್ಯಾಯವಾದ ನಿಯಮವೇ, ನಾನೇನೂ ತಕರಾರು ತೆಗೆಯುವುದಿಲ್ಲ. ನಮ್ಮವರನ್ನು ಹಿಂದಿನ ಕಟ್ಟಡದ ದಾಖಲೆ ಕೋಣೆಗೆ ಅಟ್ಟಿದರು. ಬಾಗಿಲಲ್ಲಿ ಬೇರೊಬ್ಬ ನಿಂತು ಅಕ್ಕನ ಹೆಸರನ್ನು ಮೂರು ಸಲ ಕೂಗಿದ. ಅಕ್ಕ ಎದುರು ಬೆಂಚಿನಲ್ಲಿ ಚೀಲವನ್ನು ಮಡಿಲಲ್ಲಿಟ್ಟುಕೊಂಡು, ತಮ್ಮನ ದನಿಗಾಗಿ ಕಾಯುತ್ತ ಕೂತೇ ಇದ್ದಳು. ಒಳಗೆ 'ಗೈರು' ಎಂದು ಬರೆದುಕೊಂಡರು. ಅವಳು ಹಾಗೆ ಕಾಯುತ್ತ ಕೂತದ್ದು ನನಗೆ ಗೊತ್ತಾದದ್ದು ಆಮೇಲೆ.

ಸಂಜೆ ನಮ್ಮವರು ಬಿಳಿಚಿಕೊಂಡು ಮನೆಗೆ ಬಂದರು. "ಅಕ್ಕಾ, ಕೂಗಿದ್ದು ಕೇಳಿಸ್ಲೇ ಇಲ್ವಾ? ನಾನು ಏಳಬೇಡ ಅಂದಿದ್ದಕ್ಕೇ ಕೂತ್ಬಿಟ್ಯಾ? ಹಾಗಂತ ಯಾರ ಹತ್ರಾನಾದ್ರೂ ಅಂದ್ಯಾ? ಗೊತ್ತಾದ್ರೆ ನನ್ನ ಕೆಲಸಾನೇ ಹೋಗುತ್ತೆ."

ಅಕ್ಕ ತಮ್ಮನ ಮುಖವನ್ನೇ ನೋಡಿದಳು. "ಏನಂದೆ? ಸ್ವಲ್ಪ ಜೋರಾಗಿ ಹೇಳು. ಈಚೆಗೆ ಕಿವಿ ಮಂದ ಆಗಿದೆ ಕಣೋ."

ನಾನೂ ನಂಬಿದೆ. ಆ ವಾರ ಹಾಲು ಉಕ್ಕಿ ಒಲೆಯ ತುಂಬ ಹರಿದರೂ ಅಕ್ಕ ಕೂಗಲಿಲ್ಲ. ವಯಸ್ಸು ಯಾರನ್ನು ಬಿಟ್ಟಿದೆ ಅಂದುಕೊಂಡು ಒಲೆ ಒರೆಸಿದೆ.

ಗೈರಾದದ್ದಕ್ಕೆ ತಕ್ಕ ಕಾರಣ ತೋರಿಸಿದರೆ ಕಡತವನ್ನು ಮತ್ತೆ ತೆರೆಯುತ್ತಾರೆ. ಕಿವಿ ಮಂದ ಎಂದು ಅರ್ಜಿ ಹಾಕಿದೆವು. ಪ್ರಶ್ನೆಗಳನ್ನು ಅವಳ ಕಿವಿಯಲ್ಲಿ ಕೂಗಿ ಹೇಳಲು ನನ್ನನ್ನು ಪಕ್ಕದಲ್ಲಿ ಕೂರಿಸಿದರು. ಅಧಿಕಾರಿ ಕೆಟ್ಟವರಲ್ಲ, ಅಕ್ಕನಿಗೆ ಕುಡಿಯಲು ನೀರು ತರಿಸಿಕೊಟ್ಟರು. ಕರೆದಾಗ ಯಾಕೆ ಏಳಲಿಲ್ಲ ಕೇಳಿ, ಅಂದರು. ಗಂಟಲು ಹರಿಯುವ ಹಾಗೆ ಕೇಳಿದೆ.

"ಕೇಳಿಸಲಿಲ್ಲ ಸ್ವಾಮಿ" ಅಂದಳು ಅಕ್ಕ.

ಗೈರು ಮನ್ನಾ ಆಯಿತು. ನನಗೆ ಹೋದ ಜೀವ ಬಂದ ಹಾಗಾಯಿತು. ಆಗ ಅಧಿಕಾರಿ ಟೈಪಿಸ್ಟನ ಕಡೆ ಬಾಗಿ, ನನಗೇ ಕಷ್ಟಪಟ್ಟು ಕೇಳುವಷ್ಟು ಮೆಲ್ಲಗೆ, "ಪಾಪ, ಮಗುವಿನ ಎದೆಬಡಿತ ಹೇಗೆ ಕೇಳಿಸ್ಕೋತಾರೆ ಇವರು? ನೋಂದಣಿ ಮುಂದುವರಿಸೋಕಾಗಲ್ಲ" ಅಂದರು. ಮೇಜಿನ ಕೆಳಗೆ ಅಕ್ಕನ ಬೆರಳುಗಳು ನನ್ನ ಮುಂಗೈಯನ್ನು ಹಿಂಡಿದವು. ಅವಳಿಗೆ ಅಕ್ಷರ ಅಕ್ಷರವೂ ಕೇಳಿಸಿತ್ತು. ನಾನು ಬಾಯಿ ತೆರೆದೆ, ಅವಳು ಕಣ್ಣಲ್ಲೇ ತಡೆದಳು.

ಇನ್ನೇನಾದರೂ ಹೇಳುವುದಿದೆಯೇ ಕೇಳಿ, ಅಂದರು ಅಧಿಕಾರಿ. ಕೇಳಿಸುತ್ತದೆಂದು ಗೊತ್ತಿದ್ದೂ ಅವಳ ಕಿವಿಯಲ್ಲಿ ಕೂಗಿದೆ. ಅಕ್ಕ ಏನೂ ಇಲ್ಲವೆಂದು ತಲೆಯಾಡಿಸಿದಳು.

ಮೆಟ್ಟಿಲಿಳಿಯುವಾಗ ಜಗಳಕ್ಕೇ ನಿಂತೆ. "ಇದೇನಕ್ಕಾ ಮಾಡ್ಕೊಂಡೆ?"

"ಇನ್ನೇನು ಮಾಡ್ಲಿ? ಕಿವಿ ಕೇಳುತ್ತೆ ಅಂದ್ರೆ, ಮತ್ಯಾಕೆ ಏಳಲಿಲ್ಲ ಅಂತಿದ್ರು. ಅವನು ಹೇಳಿಕೊಟ್ಟಿದ್ದು ಹೊರಗೆ ಬಿದ್ದಿದ್ರೆ ಅವನ ಕೆಲಸ ಹೋಗ್ತಿತ್ತು. ಹಾವೂ ಸಾಯಬಾರ್ದು, ಕೋಲೂ ಮುರೀಬಾರ್ದು ಅಂದ್ಕೊಂಡೆ. ಕೋಲು ಮುರೀತು, ಬಿಡು. ಅವನಿಗೇನಾದ್ರೂ ಹೇಳಿದ್ರೆ ನನ್ನಾಣೆ."

ನನಗೆ ಸಿಟ್ಟೂ ಬಂತು, ಅಳುವೂ ಬಂತು. ಮಾತು ಕೇಳಲೇಬೇಕೆಂಬ ಕಾನೂನು ಒಳ್ಳೆಯದೇ, ಆದರೆ ಅವಳು ಹೇಳಬೇಕಾಗಿದ್ದ ಮಾತು ಹೇಳಲಿಕ್ಕಾಗದ ಮಾತಾಗಿತ್ತು. ಇಬ್ಬರೂ ಬಸ್ಸು ಹಿಡಿದು ಮನೆಗೆ ಬಂದೆವು.

ಅಂದಿನಿಂದ ಅಕ್ಕ ಮನೆಯಲ್ಲೂ ಕಿವುಡಿ. ತಪ್ಪು ತನ್ನದಲ್ಲ, ಅಕ್ಕನ ಕಿವಿಯದು ಎಂದು ನಮ್ಮವರ ಮನಸ್ಸು ಹಗುರಾಯಿತು. "ಊಟ ಆಯ್ತಾ ಅಕ್ಕಾ?" ಎಂದು ಬೀದಿಗೆಲ್ಲ ಕೇಳುವಂತೆ ಪ್ರೀತಿಯಿಂದ ಕೂಗುವರು. ಅವಳು ಕಿವಿಗೆ ಕೈ ಅಡ್ಡ ಹಿಡಿದು "ಆಂ?" ಅನ್ನುವಳು. ನಾನು ಒಳಗೆ ಹೋಗಿ ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುವೆ.

ಕಳೆದ ತಿಂಗಳು ಪಕ್ಕದ ಮನೆಯ ಬಡಗಿಯ ಹೆಂಡತಿಗೆ ಒಂದು ಭಾನುವಾರ ನೋವು ಕಾಣಿಸಿಕೊಂಡಿತು. ಆಸ್ಪತ್ರೆಯ ಗಾಡಿ ಬರುವುದು ತಡವಾಯಿತು. ಇಲಾಖೆಯ ಹೊಸ ನರ್ಸು ಬಂದು ಬಾಗಿಲು ಹಾಕಿಕೊಂಡಳು. ನಮಗೂ ಅವರಿಗೂ ನಡುವೆ ಒಂದೇ ಗೋಡೆ. ಅಕ್ಕ ಆ ಗೋಡೆಗೆ ಒರಗಿ ಕೂತಳು. ತಾಯಿಯ ಕಿರುಚಾಟ ನಿಂತಿತು. ಮಗುವಿನ ಸದ್ದಿಲ್ಲ. ಅಕ್ಕನ ಅಂಗೈ ಗಾಳಿಯಲ್ಲೇ ಒಂದು ಪುಟ್ಟ ಬೆನ್ನನ್ನು ಉಜ್ಜತೊಡಗಿತು. "ಬಾಯಿ ಒರೆಸೇ, ಮೊದಲು ಬಾಯಿ ಒರೆಸೇ" ಎಂದು ಗೋಡೆಗೆ ಪಿಸುಗುಟ್ಟುತ್ತಿದ್ದಳು. ಆಮೇಲೆ ತೆಳ್ಳಗೆ ಒಂದು ಅಳು ಬಂತು. ಅದು ನನಗೆ ಕೇಳಿಸುವ ಮೊದಲೇ ಅಕ್ಕನ ಕೆನ್ನೆ ಒದ್ದೆಯಾಗಿತ್ತು.

ನಮ್ಮವರು ಹೊರಗಿನಿಂದ ಓಡಿಬಂದು, ಅವಳ ಕಿವಿಗೆ ಬಾಯಿಟ್ಟು, ಇದ್ದಬದ್ದ ಗಂಟಲಿನಲ್ಲೆಲ್ಲ ಕೂಗಿದರು: "ಅಕ್ಕಾ, ಮಗು ಅತ್ತಿತು ಕಣೇ!"

ಅಕ್ಕ ಕೆನ್ನೆ ಒರೆಸಿಕೊಂಡು ತಮ್ಮನತ್ತ ತಿರುಗಿದಳು.

"ಹೌದೇನೋ?" ಅಂದಳು. "ನಂಗೆಲ್ಲಿ ಕೇಳಿಸ್ಬೇಕು?"