ಕಿವಿಯಣ್ಣನ ತಿದ್ದುಪಡಿ ಅರ್ಜಿ

ನೀರು ಸರಬರಾಜು ಇಲಾಖೆಯಲ್ಲಿ ಅವನ ನಿಜವಾದ ಹೆಸರು ಸಂಬಳದ ಪಟ್ಟಿಯಲ್ಲಿ ಬಿಟ್ಟರೆ ಬೇರೆಲ್ಲೂ ಇರಲಿಲ್ಲ. ಎಲ್ಲರಿಗೂ ಅವನು ಕಿವಿಯಣ್ಣ. ರಸ್ತೆಯ ಕೆಳಗೆ ಹೂತ ಕೊಳವೆ ಎಲ್ಲಿ ಒಡೆದು ಸೋರುತ್ತಿದೆ ಎಂಬುದನ್ನು ಬರೀ ಕೇಳಿಸಿಕೊಂಡು ಹೇಳುವುದು ಅವನ ಕೆಲಸ. ಎದೆಮಟ್ಟದ ಒಂದು ಕಬ್ಬಿಣದ ಸರಳು, ಅದರ ಮೇಲ್ತುದಿಗೆ ಮರದ ಪುಟ್ಟ ಬಟ್ಟಲು, ಇಷ್ಟೇ ಅವನ ಸಲಕರಣೆ. ವಾಹನಗಳ ಗದ್ದಲ ಶುರುವಾಗುವ ಮೊದಲೇ, ಬೆಳಗಿನ ಐದೂವರೆಗೆಲ್ಲ ಬೀದಿಗಿಳಿದು, ಸರಳನ್ನು ನೆಲಕ್ಕೂರಿ, ಬಟ್ಟಲಿಗೆ ಕಿವಿ ಹಚ್ಚಿ, ಕಣ್ಣು ಮುಚ್ಚಿ ನಿಲ್ಲುತ್ತಿದ್ದ. ಸೋರುವ ನೀರು ಸಣ್ಣಗೆ 'ಸುಯ್' ಎನ್ನುತ್ತದೆ. ಆ ಸದ್ದು ಎಲ್ಲಿ ಜೋರೋ ಅಲ್ಲಿ ಸೀಮೆಸುಣ್ಣದಲ್ಲಿ ಗುರುತು. ಹಿಂದಿನಿಂದ ಬರುವ ಅಗೆಯುವವರು ಎರಡನೇ ಮಾತಾಡದೆ ಅಲ್ಲೇ ಗುದ್ದಲಿ ಹಾಕುತ್ತಿದ್ದರು. ಇಲಾಖೆ ಒಂದು ಹೊಸ ಯಂತ್ರವನ್ನೂ ತರಿಸಿತ್ತು. ಅದು ಬ್ಯಾಟರಿ ಸತ್ತು ಬೀರುವಿನಲ್ಲಿ ನಿದ್ದೆ ಹೊಡೆಯುತ್ತಿತ್ತು, ಕೇಳುವವರಿರಲಿಲ್ಲ.

ಇಂಥವನು ಒಂದು ಬುಧವಾರ ಕ್ಷೌರದಂಗಡಿಯ ಎದುರು ಒಂದಲ್ಲ, ಮೂರು ಗುರುತು ಹಾಕಿದ. ಮೂರೂ ಕಡೆ ಸದ್ದು ಒಂದೇ ಸಮ ಕೇಳುತ್ತಿತ್ತು. ಮೂರು ಗುಂಡಿ ತೋಡಿದರು. ಮೂರರಲ್ಲೂ ಕೊಳವೆಯ ಸುತ್ತ ಹುರಿದಿಟ್ಟಂಥ ಒಣಮಣ್ಣು. ಅಂಗಡಿಯ ಬಾಗಿಲು ತೆಗೆಯಲು ಬಂದ ಕ್ಷೌರಿಕ ಗುಂಡಿಗಳನ್ನು ನೋಡಿ, "ಏನಣ್ಣಾ, ನಿಧಿ ಇದೆ ಅಂತ ಯಾರಾದ್ರೂ ಹೇಳಿದ್ರಾ?" ಎಂದ. ತಂಡದ ಮೇಸ್ತ್ರಿ ರೇಗಿ, ಸರಳನ್ನು ಕಿತ್ತುಕೊಂಡು ತಾನೇ ಕಿವಿ ಹಚ್ಚಿದ.

"ಎಲ್ಲಿದೆಯೋ ಸದ್ದು? ಮಸಣದ ಹಾಗಿದೆ."

ಕಿವಿಯಣ್ಣ ಮತ್ತೆ ಹಚ್ಚಿದ. ಇದೆ! ಅನುಮಾನ ಬಂದು ಸರಳನ್ನು ನೆಲದಿಂದ ಎತ್ತಿ ಗಾಳಿಯಲ್ಲಿ ಹಿಡಿದ. ಆಗಲೂ ಇದೆ. ಉಸಿರು ಬಿಗಿಹಿಡಿದ, ನಿಂತಿತು. ಬಿಟ್ಟ, ಸುಯ್ ಎಂದಿತು. ಇಷ್ಟು ಹೊತ್ತು ಅವನು ಗುರುತು ಹಾಕಿದ್ದು ತನ್ನ ಎದೆಯ ಸದ್ದಿಗೇ. ಸರಳನ್ನು ಗೋಡೆಗೊರಗಿಸಿ ಅಂಗಡಿಯ ಮೆಟ್ಟಿಲ ಮೇಲೆ ಕುಸಿದು ಕುಳಿತ. ಕೈ ತನ್ನ ಪಾಡಿಗೆ ತಾನು ಜೇಬಿಗೆ ಹೋಗಿ ಸಿಗರೇಟೊಂದನ್ನು ತೆಗೆದು ತುಟಿಗಿಟ್ಟಿತು.

ಸಿಗರೇಟು ಬಿಡುವುದರಲ್ಲಿ ಅವನಷ್ಟು ಅನುಭವಸ್ಥ ಇಲಾಖೆಯಲ್ಲಿ ಮತ್ತೊಬ್ಬನಿರಲಿಲ್ಲ. ಎಂಟು ಸಲ ಬಿಟ್ಟಿದ್ದ. ಮಗಳು ಹುಟ್ಟಿದಾಗ ಒಂದು ಸಲ, ಅವಳ ಮದುವೆಯಾದಾಗ ಒಂದು ಸಲ, ಮಧ್ಯೆ ಜ್ವರ ಬಂದಾಗಲೆಲ್ಲ. ಅತ್ಯಂತ ದೀರ್ಘವಾಗಿ ಬಿಟ್ಟಿದ್ದು ಹನ್ನೊಂದು ದಿನ. ಹನ್ನೆರಡನೆಯ ದಿನ ಹೆಂಡತಿಯೇ ಕೈಮುಗಿದು, "ರೀ, ಸೇದಿಬಿಡ್ರಿ, ನಿಮ್ಮ ಸಿಡುಕು ತಡ್ಕೊಳ್ಳೋಕೆ ನನ್ನ ಕೈಲಾಗಲ್ಲ" ಎಂದಿದ್ದಳು. ಮನಸ್ಸು ಗಟ್ಟಿಯಿಲ್ಲದವನು ಎಂದು ಅವನು ತನಗೆ ತಾನೇ ಮುದ್ರೆ ಒತ್ತಿಕೊಂಡಿದ್ದ. ಇದಕ್ಕೆ ಯಾರ ಸಹಾಯವಾದರೂ ಸಿಗಬಹುದು ಎಂಬುದು ಅವನ ತಲೆಗೆ ಎಂದೂ ಹೊಳೆದಿರಲಿಲ್ಲ.

ಆ ವಾರವೇ ಹಾಜರಿ ಪುಸ್ತಕದ ಮೇಲಿನ ಹಲಗೆಯಲ್ಲಿ ಒಂದು ಕಾಗದ ಕಾಣಿಸಿತು. ನೌಕರರ ಆರೋಗ್ಯ ವಿಮೆಯಲ್ಲಿ ಇನ್ನು ಮುಂದೆ ಧೂಮಪಾನ ಬಿಡುವುದಕ್ಕೂ ನೆರವು ಸಿಗುತ್ತದೆ. ವೈದ್ಯರ ಭೇಟಿ, ಮೈಗೆ ಅಂಟಿಸಿಕೊಳ್ಳುವ ನಿಕೋಟಿನ್ ಪಟ್ಟಿ ಹನ್ನೆರಡು ವಾರಕ್ಕಾಗುವಷ್ಟು, ವಾರವಾರ ಫೋನಿನಲ್ಲಿ ಸಲಹೆ, ಎಲ್ಲ ಖರ್ಚೂ ವಿಮೆಯದೇ. ಕಿವಿಯಣ್ಣ ಎರಡು ಸಲ ಓದಿದ. ಮೂರನೆಯ ಸಲ ಓದುವಾಗ ಕೆಳಗಿನ ಸಣ್ಣಕ್ಷರದ ಸಾಲು ಕಣ್ಣಿಗೆ ಬಿತ್ತು: ವಿಮೆಯ ಫಾರಂನಲ್ಲಿ ತಾವು ಧೂಮಪಾನಿಗಳೆಂದು ತಿಳಿಸಿರುವವರಿಗೆ ಮಾತ್ರ.

ಆ ಫಾರಂನ ಕಥೆ ಒಂಬತ್ತು ವರ್ಷ ಹಳೆಯದು. ಇಲಾಖೆಗೆ ವಿಮೆ ಮೊದಲ ಸಲ ಬಂದ ದಿನ ಶೆಡ್ಡಿನಲ್ಲಿ ಫಾರಂ ಹಂಚಿದ್ದರು. 'ತಂಬಾಕು ಸೇವಿಸುತ್ತೀರಾ?' ಎಂಬಲ್ಲಿ ಬಂದು ಎಲ್ಲರ ಪೆನ್ನೂ ನಿಂತಿತು. ಆಗ ಇದೇ ಮೇಸ್ತ್ರಿ, ಬಾಯಲ್ಲಿ ಉರಿಯುವ ಸಿಗರೇಟು ಇಟ್ಟುಕೊಂಡೇ, "ಎಲ್ಲರೂ ಇಲ್ಲ ಅಂತ ಹಾಕ್ರೋ! ಹೌದು ಅಂದ್ರೆ ನಿಮಗೂ ಕೊಡಲ್ಲ, ಹೆಂಡ್ತಿ ಮಕ್ಕಳಿಗೂ ಕೊಡಲ್ಲ" ಎಂದು ಅಪ್ಪಣೆ ಮಾಡಿದ. ಇಪ್ಪತ್ತೆರಡು ಜನ, ಎಡಗೈಯಲ್ಲಿ ಸಿಗರೇಟು, ಬಲಗೈಯಲ್ಲಿ ಪೆನ್ನು ಹಿಡಿದು, 'ಇಲ್ಲ' ಎಂದು ಬರೆದರು. ಫಾರಂಗಳ ಮೇಲೆ ಬಿದ್ದ ಬೂದಿಯನ್ನು ಮೇಸ್ತ್ರಿಯೇ ಊದಿ ಊದಿ ಜೋಡಿಸಿ ಕಚೇರಿಗೆ ಕೊಟ್ಟು ಬಂದ. ಅವನ ಮನಸ್ಸಿನಲ್ಲಿ ಕೇಡಿರಲಿಲ್ಲ. ತನ್ನ ಹುಡುಗರಿಗೆ ಒಳ್ಳೆಯದಾಗಲಿ ಎಂದೇ ಮಾಡಿದ್ದು.

ಈಗ ನೆರವು ಬೇಕಾದರೆ ಸುಳ್ಳು ಬರೆದೆ ಎಂದು ಒಪ್ಪಿಕೊಳ್ಳಬೇಕು. ಒಪ್ಪಿಕೊಂಡರೆ? ಹೆಂಡತಿಯ ಮಂಡಿ ಆಪರೇಷನ್ ಮುಂದಿನ ತಿಂಗಳು ಹತ್ತೊಂಬತ್ತಕ್ಕೆ ಗೊತ್ತಾಗಿತ್ತು. ವಿಮೆಯ ಒಪ್ಪಿಗೆ ಕೈಗೆ ಬಂದು ವಾರವಾಗಿತ್ತಷ್ಟೆ. ಹೊಲಿಗೆ ಯಂತ್ರವನ್ನು ಎರಡು ವರ್ಷದಿಂದ ಒಂದೇ ಕಾಲಲ್ಲಿ ತುಳಿಯುತ್ತಿದ್ದ ಹೆಂಗಸು. ತನ್ನ ಬಾಯಿಂದಾಗಿ ಅವಳ ಆಪರೇಷನ್ ನಿಂತುಹೋದರೆ ಆಮೇಲೆ ಮುಖ ತೋರಿಸುವುದು ಹೇಗೆ? ಮೂರು ದಿನ ಅವನು ಈ ಮಾತನ್ನು ಗಂಟಲಲ್ಲೇ ಇಟ್ಟುಕೊಂಡು ಓಡಾಡಿದ.

ನಾಲ್ಕನೆಯ ದಿನ ಹೆಂಡತಿ ಕಾಲರು ಹೊಲಿಯುತ್ತ, ತಲೆಯೆತ್ತದೆ ಕೇಳಿದಳು, "ಏನ್ರೀ ಅದು, ಮೂರು ದಿನದಿಂದ ನುಂಗ್ತಾ ಇದ್ದೀರಿ? ಉಗುಳಿಬಿಡಿ."

ಎಲ್ಲ ಹೇಳಿದ. ಮೂರು ಗುಂಡಿಯ ಕಥೆ ಕೇಳಿ ಅವಳಿಗೆ ನಗು ತಡೆಯಲಾಗಲಿಲ್ಲ. ನಕ್ಕು ನಕ್ಕು ಕಣ್ಣೊರೆಸಿಕೊಂಡಳು. ಒರೆಸಿಕೊಳ್ಳುತ್ತಲೇ ಇದ್ದಳು. ನಗು ನಿಂತಮೇಲೂ ಒರೆಸಿಕೊಳ್ಳುತ್ತಿದ್ದಾಳೆ ಎಂಬುದು ಅವನಿಗೆ ತಡವಾಗಿ ತಿಳಿಯಿತು.

"ಬರ್ದುಕೊಡಿ," ಎಂದಳು.

"ನಿನ್ನ ಮಂಡಿ ಕಣೇ..."

"ನನ್ನ ಮಂಡಿ ಎಲ್ಲಿಗೂ ಓಡಿ ಹೋಗಲ್ಲ, ಅದಕ್ಕೇ ತಾನೆ ಆಪರೇಷನ್ನು? ಹೊಸ ಕಾಲಲ್ಲಿ ನಾನೊಬ್ಬಳೇ ಓಡಾಡಿ ಏನು ಮಾಡ್ಲಿ? ಬರ್ದುಕೊಡಿ ಅಂದ್ನಲ್ಲ."

ಅವನು ಆ ಅರ್ಜಿಯನ್ನು ನಾಲ್ಕು ಸಲ ಬರೆದ. ಮೊದಲನೆಯದರಲ್ಲಿ ಕ್ಷಮಾಪಣೆ ಜಾಸ್ತಿಯಾಯಿತು, ಎರಡನೆಯದು ಪೊಲೀಸರಿಗೆ ಕೊಟ್ಟ ಹೇಳಿಕೆಯ ಹಾಗಿತ್ತು. ಕೊನೆಗೆ ಉಳಿದದ್ದು ಮೂರು ಸಾಲು. ಒಂಬತ್ತು ವರ್ಷದ ಹಿಂದೆ ಇಲ್ಲ ಎಂದು ಬರೆದಿದ್ದೆ, ಅದು ಸುಳ್ಳು. ದಿನಕ್ಕೆ ಒಂದೂವರೆ ಪ್ಯಾಕು ಸೇದುತ್ತೇನೆ. ಬಿಡಬೇಕೆಂದಿದ್ದೇನೆ, ನೆರವು ಕೊಡಿ.

ವಿಮೆಯ ಕಾಗದಪತ್ರ ನೋಡಿಕೊಳ್ಳುವ ಗುಮಾಸ್ತೆ, ಕನ್ನಡಕವನ್ನು ಮೂಗಿನ ತುದಿಗಿಳಿಸಿ ಓದಿದರು.

"ಇಲ್ಲ ಅಂತ ಬರೀರಿ ಅಂತ ನಿಮಗೆ ಯಾರಾದ್ರೂ ಹೇಳಿದ್ರಾ?"

ಬಾಗಿಲಾಚೆ ಮೇಸ್ತ್ರಿ ಹಾಜರಿ ಪುಸ್ತಕ ಹಿಡಿದು ನಿಂತಿದ್ದ. ಅವನಿಗೆ ನಿವೃತ್ತಿಗೆ ಇನ್ನೊಂದೇ ವರ್ಷ.

"ಬರ್ದಿದ್ದು ನನ್ನ ಕೈ, ಮೇಡಂ," ಎಂದ ಕಿವಿಯಣ್ಣ.

ಉತ್ತರ ಬರಲು ಹದಿನೇಳು ದಿನ ಹಿಡಿಯಿತು. ಅಷ್ಟು ದಿನ ಅವನು ಸೇದಿದ್ದು ಅವನ ಜೀವಮಾನದ ದಾಖಲೆ. ಲಕೋಟೆ ಬಂದಾಗ ಒಡೆಯುವ ಧೈರ್ಯವಿಲ್ಲದೆ ಹೆಂಡತಿಯ ಕೈಗೆ ಕೊಟ್ಟ. ಅವಳು ಕತ್ತರಿಯಲ್ಲಿ ನೀಟಾಗಿ ಅಂಚು ಕತ್ತರಿಸಿ, ಗಟ್ಟಿಯಾಗಿ ಓದಿದಳು. ತಿದ್ದುಪಡಿಯನ್ನು ಸ್ವೀಕರಿಸಲಾಗಿದೆ. ಮುಂದಿನ ವರ್ಷದಿಂದ ಕಂತು ಸ್ವಲ್ಪ ಏರುತ್ತದೆ, ಒಂದು ವರ್ಷ ಸೇದದಿದ್ದರೆ ಮತ್ತೆ ಇಳಿಯುತ್ತದೆ. ಕುಟುಂಬದವರಿಗೆ ಈಗಾಗಲೇ ಒಪ್ಪಿಗೆಯಾದ ಚಿಕಿತ್ಸೆಗೆ ಯಾವ ಬಾಧೆಯೂ ಇಲ್ಲ. ಧೂಮಪಾನ ಬಿಡುವ ನೆರವು ಮಂಜೂರಾಗಿದೆ. 'ಸ್ವತಃ ಮುಂದೆ ಬಂದು ತಿಳಿಸಿದ್ದಕ್ಕೆ ವಂದನೆಗಳು' ಎಂದೂ ಇತ್ತು. ಯಾವ ಕಚೇರಿಯೂ ಅವನಿಗೆ ಅದುವರೆಗೆ ವಂದನೆ ಹೇಳಿದ್ದಿಲ್ಲ. ಆ ಸಾಲನ್ನು ಇನ್ನೊಂದು ಸಲ ಓದಿಸಿ ಕೇಳಿದ.

ಪಟ್ಟಿ ಬಂತು, ತೋಳಿಗೆ ಅಂಟಿಸಿಕೊಂಡ. ಫೋನೂ ಬಂತು. ಆ ಕಡೆಯ ದನಿ ಚಿಕ್ಕ ವಯಸ್ಸಿನದು, ಮಗಳ ಓರಗೆಯವಳಿರಬೇಕು. ಬುದ್ಧಿವಾದ ಹೇಳಿಯಾಳೆಂದು ಮೈ ಬಿಗಿಮಾಡಿಕೊಂಡು ಕುಳಿತಿದ್ದ. ಅವಳು ಹೇಳಲಿಲ್ಲ, ಕೇಳಿದಳು. ಮೊದಲ ಸಿಗರೇಟು ಎಷ್ಟು ಹೊತ್ತಿಗೆ, ಯಾರ ಜೊತೆಗೆ, ಕೈ ಯಾವಾಗ ಜೇಬಿಗೆ ಹೋಗುತ್ತದೆ, ಹಿಂದೆ ಎಂಟು ಸಲ ಬಿಟ್ಟಾಗ ಏನೇನಾಯಿತು. ಇಡೀ ಆಯುಷ್ಯ ಕೇಳಿಸಿಕೊಳ್ಳುವುದರಲ್ಲೇ ಕಳೆದವನಿಗೆ ಕೇಳುವವರೊಬ್ಬರು ಸಿಕ್ಕಿದ್ದು ಇದೇ ಮೊದಲು. ಅರ್ಧ ಗಂಟೆ ಮಾತಾಡಿದ.

"ಸರ್, ನಿಮ್ಮ ಮನಸ್ಸು ಗಟ್ಟಿ ಇಲ್ಲ ಅಂತ ಯಾರು ಹೇಳಿದ್ದು? ಎಂಟು ಸಲ ಪ್ರಯತ್ನ ಪಟ್ಟಿದ್ದೀರಿ. ಬರೀ ಕೈಯಲ್ಲಿ!"

ಹಾಗೆಂದು ಎಲ್ಲ ಸಲೀಸಾಗಿ ನಡೆಯಿತೆಂದುಕೊಳ್ಳಬೇಡಿ. ಮೊದಲ ವಾರ ಅವನು ಅಕ್ಕಪಕ್ಕದವರೊಂದಿಗೆ, ಬಾಗಿಲ ಚಿಲಕದೊಂದಿಗೆ, ತನ್ನದೇ ಚಪ್ಪಲಿಯೊಂದಿಗೆ ಜಗಳವಾಡಿದ. ಆಪರೇಷನ್ ದಿನ ಹೆಂಡತಿಯನ್ನು ಒಳಗೆ ಕರೆದೊಯ್ದು ಬಾಗಿಲು ಹಾಕಿದೊಡನೆ ಆಸ್ಪತ್ರೆಯ ಗೇಟಿನಾಚೆ ಹೋಗಿ ಎರಡು ಸೇದಿದ. ಅವಳು ಕಣ್ಣುಬಿಟ್ಟು ಕೈ ಚಾಚಿದಾಗ ವಾಸನೆ ಬಂದೀತೆಂದು ಮಾರುದೂರ ನಿಂತ. ಮರುದಿನ ಫೋನಿನಲ್ಲಿ ಕಳ್ಳನ ಹಾಗೆ ಒಪ್ಪಿಕೊಂಡ.

"ಎರಡೇ ತಾನೆ? ಮೂರನೇದು ಸೇದಲಿಲ್ವಲ್ಲ. ಯಾಕೆ?"

"ಅವಳ ಹತ್ರ ಹೋಗಬೇಕಿತ್ತಮ್ಮ."

"ಮತ್ತೆ? ಇವತ್ತಿಂದ ಮುಂದುವರಿಸೋಣ. ಮೊದಲಿಂದ ಅಲ್ಲ, ಬಿಟ್ಟಲ್ಲಿಂದ."

ಅಲ್ಲಿಂದಾಚೆ ಅವನು ಸೇದಲಿಲ್ಲ. ಪಟ್ಟಿ ದೊಡ್ಡದರಿಂದ ಚಿಕ್ಕದಾಯಿತು, ಚಿಕ್ಕದೂ ಹೋಯಿತು. ಹೆಂಡತಿ ಮೊದಲು ಗೋಡೆ ಹಿಡಿದು, ಆಮೇಲೆ ಅವನ ಹೆಗಲು ಹಿಡಿದು, ಕೊನೆಗೆ ಏನನ್ನೂ ಹಿಡಿಯದೆ ನಡೆದಳು. ಸಂಜೆ ಇಬ್ಬರೂ ಓಣಿಯ ಕೊನೆಯ ತನಕ ಹೋಗಿ ಬರುತ್ತಿದ್ದರು. ಏದುಸಿರು ಇಬ್ಬರಿಗೂ ಇಲ್ಲ. ಕಿವಿಯಣ್ಣ ದೇವರನ್ನು ಅಷ್ಟಾಗಿ ಹಚ್ಚಿಕೊಂಡವನಲ್ಲ, ಆದರೂ ಆ ನಡಿಗೆಯಲ್ಲಿ ಅವನ ಮನಸ್ಸು ಯಾರ್ಯಾರಿಗೋ ಕೈಮುಗಿಯುತ್ತಿತ್ತು. ಫೋನಿನ ಹುಡುಗಿಗೆ, ಕನ್ನಡಕದ ಗುಮಾಸ್ತೆಗೆ, ಆ ಕಾಗದಕ್ಕೆ ರುಜು ಹಾಕಿದ ಕಾಣದ ಕೈಗೆ. ಪಕ್ಕದಲ್ಲಿ ನಡೆಯುವವಳಿಗೆ ಎಲ್ಲರಿಗಿಂತ ಹೆಚ್ಚಾಗಿ. ಬಾಯಿಬಿಟ್ಟೂ ಹೇಳಿದ. ಅವಳು, "ಸಾಕು ಸುಮ್ನಿರಿ, ಜನ ನೋಡ್ತಾರೆ" ಎಂದು ಅವನ ತೋಳು ಚಿವುಟಿದಳು.

ನಾಲ್ಕನೆಯ ತಿಂಗಳಲ್ಲಿ ಒಂದು ಭಾನುವಾರ ಮಧ್ಯಾಹ್ನ ಮೇಸ್ತ್ರಿ ಮನೆಗೆ ಬಂದ. ಹಿಂದೆಂದೂ ಬಂದವನಲ್ಲ. ಕುರ್ಚಿಯ ತುದಿಯಲ್ಲಿ ಕುಳಿತು, ಕೊಟ್ಟ ನೀರನ್ನು ಕುಡಿಯದೆ ಲೋಟ ತಿರುಗಿಸುತ್ತಿದ್ದ.

"ಅವತ್ತು ಆಯಮ್ಮ ಕೇಳಿದಾಗ ನಾನು ಬಾಗಿಲಲ್ಲೇ ಇದ್ದೆ ಕಣೋ. ನೀನು ನನ್ನ ಹೆಸರು ಹೇಳಲಿಲ್ಲ."

"ಹೇಳೋಕೇನಿತ್ತು, ಮೇಸ್ತ್ರಿ? ನಮ್ಮ ಹೆಂಡ್ತಿ ಮಕ್ಕಳಿಗೆ ಸಿಗ್ಲಿ ಅಂತ ತಾನೆ ನೀವು ಹಾಗಂದಿದ್ದು."

ಮೇಸ್ತ್ರಿ ಕೆಮ್ಮಿದ. ಕೆಮ್ಮು ಶುರುವಾದದ್ದು ನಿಲ್ಲಲಿಲ್ಲ. ಕಿವಿಯಣ್ಣ ಅವನ ಬೆನ್ನು ಸವರುತ್ತ ನಿಂತ. ಅಂಗೈಯಡಿ ಆ ಎದೆ ಏನು ಹೇಳುತ್ತಿದೆ ಎಂಬುದು ಅವನಿಗಿಂತ ಚೆನ್ನಾಗಿ ಯಾರಿಗೂ ತಿಳಿಯಲು ಸಾಧ್ಯವಿರಲಿಲ್ಲ. ಕೆಮ್ಮು ತಗ್ಗಿದ ಮೇಲೆ ಮೇಸ್ತ್ರಿ ಜೇಬಿನಿಂದ ನಾಲ್ಕಾಗಿ ಮಡಿಸಿದ ಬಿಳಿ ಹಾಳೆಯೊಂದನ್ನು ತೆಗೆದು ಮಂಡಿಯ ಮೇಲೆ ಹರಡಿದ. ಅದರಲ್ಲಿ ಒಂದಕ್ಷರವೂ ಇರಲಿಲ್ಲ.

"ಒಂದು ವಾರದಿಂದ ಇಟ್ಕೊಂಡು ಓಡಾಡ್ತಿದ್ದೀನಿ. ಮೊದಲನೇ ಸಾಲೇ ಹೊಳೀತಿಲ್ಲ. ನೀನು ಹೇಳು, ನಾನು ಬರೀತೀನಿ."

ಕಿವಿಯಣ್ಣ ಇನ್ನೊಂದು ಕುರ್ಚಿ ಎಳೆದುಕೊಂಡು ಅವನ ಪಕ್ಕದಲ್ಲಿ ಕುಳಿತ. ಒಳಗಿನಿಂದ ಹೆಂಡತಿ ಪೆನ್ನು ಹಿಡಿದು, ಎರಡೂ ಕಾಲಿನ ಮೇಲೆ ಭಾರ ಬಿಟ್ಟು ನಡೆದು ಬಂದಳು.