ಹಾಸಿನ ಅಡಿಯಿಂದ ಕಾಲೇಜಿಗೆ

ನಮ್ಮ ಕಾಲೇಜಿನ ಹೆಸರನ್ನು ಯಾರಾದರೂ ಎತ್ತಿದರೆ ನನ್ನ ಮೂಗಿಗೆ ಮೊದಲು ಬರುವುದು ಗಂಜಿಯ ವಾಸನೆ. ಪುಸ್ತಕದ ವಾಸನೆ ಎಂದು ಬರೆದಿದ್ದರೆ ಚೆನ್ನಾಗಿರುತ್ತಿತ್ತು, ಗೊತ್ತು. ಆದರೆ ನಾನು ಮೂರು ವರ್ಷ ಅಲ್ಲಿಗೆ ಹೋದದ್ದೇ ತಲೆಗೂ ಬೆನ್ನಿಗೂ ಅಕ್ಕಿಗಂಜಿ ಮೆತ್ತಿಕೊಂಡು. ಸುಳ್ಳು ಹೇಳಿ ಏನು ಪ್ರಯೋಜನ?

ಕೊಯಮತ್ತೂರಿನ ಆ ಹೆಣ್ಣುಮಕ್ಕಳ ಕಾಲೇಜಿನಲ್ಲಿ ಮೊನ್ನೆ ಹಳೆಯ ವಿದ್ಯಾರ್ಥಿನಿಯರ ಸಭೆ ಇತ್ತು. ಕಾಲೇಜು ಬೆಳೆದು ಬಂದ ಬಗೆಯನ್ನು ಪರದೆಯ ಮೇಲೆ ಚಿತ್ರಗಳಲ್ಲಿ ತೋರಿಸಿದರು. ಹೆಣ್ಣುಮಕ್ಕಳ ಕಾಲೇಜುಗಳ ಚರಿತ್ರೆಗೆಲ್ಲ ಅಕ್ಕತಂಗಿಯರ ಹಾಗೆ ಒಂದೇ ಮುಖ. ಮೊದಲು ಒಂದು ಬಾಡಿಗೆ ಮನೆ, ಮುಂದೆ ಬೇವಿನ ಮರ, ಮರದ ಕೆಳಗೆ ಸೆರಗು ಹೊದ್ದ ಒಂದಿಷ್ಟು ಹುಡುಗಿಯರು. ಆಮೇಲೆ ಹೆಂಚಿನ ಕಟ್ಟಡ, ಆಮೇಲೆ ಮಹಡಿ, ಮಹಡಿಯ ಮೇಲೊಂದು ಮಹಡಿ. ಕೊನೆಗೆ ಬೇವಿನ ಮರ ಮಾಯವಾಗಿ ಆ ಜಾಗದಲ್ಲಿ ಕಾರುಗಳು. ಹೆಮ್ಮೆಯಿಂದ ಚಪ್ಪಾಳೆ ತಟ್ಟಿದೆ. ಆದರೆ ನಾನು ಪ್ರತಿ ಚಿತ್ರದಲ್ಲೂ ಹುಡುಕುತ್ತಿದ್ದದ್ದು ಬಸ್ಸನ್ನು. ಅದು ಎಲ್ಲೂ ಕಾಣಲಿಲ್ಲ.

ಕಟ್ಟಡ ಎಷ್ಟು ಎತ್ತರವಿದ್ದರೇನು, ಹುಡುಗಿ ಅಲ್ಲಿಗೆ ತಲುಪಬೇಕಲ್ಲ? ಕಾರಮಡೈ ಕಡೆಯ, ಮನೆಯೊಳಗೆ ಕನ್ನಡ ಆಡುವ ನಮ್ಮ ನೇಕಾರರ ಬೀದಿಯ ಅಪ್ಪಂದಿರು ಕಾಲೇಜನ್ನು ನಂಬಿದವರಲ್ಲ, ಕಾಲೇಜಿನ ಬಸ್ಸನ್ನು ನಂಬಿದವರು. ‘ಅವರ ಬಸ್ಸಲ್ಲಿ ಹೋಗಿ ಅವರ ಬಸ್ಸಲ್ಲೇ ಬರೋದಾದ್ರೆ ಓದು. ಟೌನ್ ಬಸ್ ಹತ್ತಿ ಊರು ಸುತ್ತೋದಾದ್ರೆ ಬೇಡ, ಮಗ್ಗದ ಮೇಲೆ ಕೂತ್ಕೋ’ ಎಂದಿದ್ದರು ನಮ್ಮಪ್ಪ. ನಮ್ಮ ಮನೆತನದಲ್ಲಿ ಹತ್ತನೆಯ ತರಗತಿ ದಾಟಿದ ಮೊದಲ ಜೀವ ನಾನು. ಎದುರು ಮಾತಾಡುವಷ್ಟು ಓದಿರಲಿಲ್ಲ. ಒಪ್ಪಿಕೊಂಡೆ.

ತೊಡಕು ಇದ್ದದ್ದು ಹಾಸಿನಲ್ಲಿ. ಸೀರೆಯ ಉದ್ದಕ್ಕೆ ಓಡುವ ಎಳೆಗಳನ್ನು ಮಗ್ಗಕ್ಕೆ ಏರಿಸುವ ಮೊದಲು ಬೀದಿಯುದ್ದಕ್ಕೂ ಸೊಂಟದೆತ್ತರಕ್ಕೆ ಹಾಸಿ, ಗಂಜಿ ಹಚ್ಚಿ, ಕುಂಚದಲ್ಲಿ ಉಜ್ಜುತ್ತಾರೆ. ಅದನ್ನೇ ಪುಸ್ತಕದ ಕನ್ನಡದಲ್ಲಿ ಹಾಸು ಎನ್ನುತ್ತಾರೆ, ನಮ್ಮ ಮನೆ ಕನ್ನಡದಲ್ಲಿ ಪಾವು. ಬಿಸಿಲೇರಿದರೆ ಎಳೆ ಒಣಗಿ ಮುರಿಯುತ್ತದೆ, ಹಾಗಾಗಿ ಬೆಳಗ್ಗೆಯೇ ಮುಗಿಯಬೇಕು. ಕಾಲೇಜು ಬಸ್ಸಿನದೂ ಅದೇ ಹೊತ್ತು. ನಮ್ಮ ಮನೆ ಬೀದಿಯ ಈ ಪಕ್ಕ, ಬಸ್ಸಿನ ರಸ್ತೆಗೆ ಹೋಗುವ ಸಂದು ಆ ಪಕ್ಕ, ನಡುವೆ ಪಾವು. ಹಾಸಿದ ಪಾವನ್ನು ದಾಟಬಾರದು, ಅದರಡಿ ನುಸುಳಲೂಬಾರದು. ಅನ್ನ ಕೊಡುವ ಎಳೆ ಅದು. ಬೀದಿಯ ನಾಯಿಗಳಿಗೂ ಈ ನೇಮ ಗೊತ್ತಿತ್ತು. ಬೀದಿಯ ಕೊನೆಯವರೆಗೆ ನಡೆದು, ಸುತ್ತಿ, ಮತ್ತೆ ಅಷ್ಟೇ ದೂರ ವಾಪಸು ಬರಬೇಕು. ಬೇಗ ಏಳಬಾರದಿತ್ತೇ ಎನ್ನಬೇಡಿ. ಅಪ್ಪನ ಲಾಳಿಗೆ ಬೇಕಾದ ನೂಲನ್ನು ಕಂಡಿಕೆಗೆ ಸುತ್ತಿಟ್ಟ ಮೇಲೇ ನನಗೆ ಬಿಡುಗಡೆ.

ಹೀಗೆ ಮೊದಲ ವರ್ಷವೇ ಎಷ್ಟೋ ದಿನ ಬಸ್ಸು ತಪ್ಪಿತು. ಪ್ರಿನ್ಸಿಪಾಲ್ ಮೇಡಂ ಕರೆದು, ಇನ್ನೊಂದು ದಿನ ತಪ್ಪಿದರೂ ಹಾಜರಾತಿ ಸಾಲದು, ಪರೀಕ್ಷೆಗೆ ಕೂರಿಸಲಾಗುವುದಿಲ್ಲ ಎಂದರು. ಪರೀಕ್ಷೆ ಇಲ್ಲದಿದ್ದರೆ ಅಪ್ಪ ನನಗಾಗಿ ಇನ್ನೊಂದು ಮಗ್ಗ ಹೂಡುವುದು ಖಂಡಿತ.

ಮಾರನೆಯ ಬೆಳಗ್ಗೆ ಚೀಲ ಹಿಡಿದು ಹೊಸ್ತಿಲಿಳಿದಾಗ ಬಸ್ಸಿನ ಹಾರ್ನ್ ಕೇಳಿಸಿತು. ಅವತ್ತು ಬೀದಿಯಲ್ಲಿದ್ದದ್ದು ನಮ್ಮ ದೊಡ್ಡಮ್ಮನ ಪಾವು. ದೊಡ್ಡಮ್ಮ ಎಂದರೆ ಅಪ್ಪನ ಅಣ್ಣನ ಹೆಂಡತಿ, ನಾನು ಕಾಲೇಜು ಸೇರಿದಂದು ‘ಗಂಜಿ ಕಾಯ್ಸೋಕೆ ಇಂಗ್ಲೀಷ್ ಎದಕ್ಕೆ?’ ಎಂದು ಬೀದಿಗೆಲ್ಲ ಕೇಳುವಂತೆ ಕೇಳಿದವಳು. ಅವಳ ಪಾವಿನ ಈಚೆ ನಿಂತು ನಾನು ಅಳುತ್ತಿದ್ದೆ. ಹಾರ್ನ್ ಇನ್ನೊಮ್ಮೆ ಆಯಿತು.

ದೊಡ್ಡಮ್ಮ ಕುಂಚ ಕೆಳಗಿಟ್ಟಳು. ನನ್ನನ್ನು ನೋಡಿದಳು, ಸಂದನ್ನು ನೋಡಿದಳು. ಪಕ್ಕದಲ್ಲಿದ್ದ ಬಿದಿರು ಕೋಲನ್ನು ಎಳೆಗಳ ಅಡಿಗೆ ತೂರಿಸಿ ಪಾವನ್ನು ಮೇಲಕ್ಕೆ ಎತ್ತಿ ಹಿಡಿದಳು.

‘ಎನ್ನ ಅಮ್ಮಿಣಿ, ಕಲ್ಲು ಸಿಲೆ ಮಾದ್ರಿ ನಿಂತ್ಕಂಡಿದ್ದಿ? ನುಗ್ಗು!’

‘ದೊಡ್ಡಮ್ಮಾ, ಪಾವು...’

‘ನನ್ ಪಾವು, ನಾನ್ ಹೇಳ್ತಿದ್ದೀನಿ. ಕೈ ನೋಯ್ತದೆ, ಓಡು!’

ನುಗ್ಗಿದೆ. ಬಸ್ಸು ಸಿಕ್ಕಿತು. ಡ್ರೈವರಣ್ಣ ಕನ್ನಡಿಯಲ್ಲಿ ನನ್ನನ್ನು ನೋಡಿ, ‘ಏನು ಪಾಪಾ, ಇಡ್ಲಿ ಹಿಟ್ಟಲ್ಲಿ ತಲೆ ಸ್ನಾನವಾ?’ ಎಂದು ತಮಿಳಿನಲ್ಲಿ ಕೇಳಿದರು. ಮೊದಲ ತರಗತಿ ಮುಗಿಯುವ ಹೊತ್ತಿಗೆ ಜಡೆ ಒಣಗಿ, ಮಡಚಿಟ್ಟ ಖಾದಿಯ ಹಾಗೆ ಬಿಗಿದು ನಿಂತಿತ್ತು. ಬಲಕ್ಕೆ ತಿರುಗಿದರೆ ಪಕ್ಕದವಳ ಕೆನ್ನೆಗೆ ಬಡಿಯುತ್ತಿತ್ತು.

ಆ ಪಕ್ಕದವಳು ಹಾಸನದಿಂದ ಬಂದು ಹಾಸ್ಟೆಲಿನಲ್ಲಿದ್ದ ಹುಡುಗಿ. ನಾನು ಕನ್ನಡ ಮಾತಾಡಿದ್ದು ಕೇಳಿ ಅವಳು ಮೊದಲು ನಕ್ಕಳು, ಆಮೇಲೆ ಕೆನ್ನೆ ಉಜ್ಜಿಕೊಳ್ಳುತ್ತಲೇ ನನಗೆ ಕನ್ನಡ ಅಕ್ಷರ ಕಲಿಸಿದಳು. ಹುಟ್ಟಿದಾಗಿನಿಂದ ಆಡಿದ ಮಾತನ್ನು ಬರೆಯಲು ಕಲಿತದ್ದು ತಮಿಳುನಾಡಿನ ಕಾಲೇಜಿನ ಕಾರಿಡಾರಿನಲ್ಲಿ. ಈಗ ನೀವು ಓದುತ್ತಿರುವ ಈ ಸಾಲುಗಳೂ ಆ ಸಾಲದಲ್ಲೇ ಬರೆದವು. ಆ ಕಾಲೇಜಿಗೆ ಎಷ್ಟು ಕೈ ಮುಗಿದರೂ ನನಗೆ ಸಾಕೆನಿಸುವುದಿಲ್ಲ.

ದೊಡ್ಡಮ್ಮ ಎತ್ತಿದ ಮೇಲೆ ಬೇರೆಯವರು ಎತ್ತದೆ ಇರಲಾದೀತೇ? ಹಾರ್ನ್ ಕೇಳಿದರೆ ಯಾರ ಪಾವಿದ್ದರೂ ಕೋಲು ಮೇಲೇಳುವುದು ಬೀದಿಯ ರೂಢಿಯಾಯಿತು. ಮರುವರ್ಷ ನನ್ನ ಹಿಂದೆ ಎದುರು ಮನೆಯ ಅಕ್ಕತಂಗಿಯರು ನುಸುಳಿದರು, ಅದರ ಮುಂದಿನ ವರ್ಷ ಬೀದಿಯ ತುದಿಯಲ್ಲಿದ್ದವರೂ ಬಂದರು. ಬಸ್ಸಿನಲ್ಲಿ ಜಾಗ ಸಾಲದೆ ಕಾಲೇಜಿನವರು ನಮ್ಮ ಕಡೆಗೆ ಎರಡನೆಯ ಬಸ್ಸು ಬಿಟ್ಟರು. ಕಾಲೇಜು ಬೆಳೆಯಿತು ಎಂದು ಪರದೆಯ ಮೇಲೆ ಸಲೀಸಾಗಿ ತೋರಿಸುತ್ತಾರೆ. ಅದು ಬೆಳೆಯುವಾಗ ನಮ್ಮ ಬೀದಿಯ ಹೆಂಗಸರ ರಟ್ಟೆ ಎಷ್ಟು ನೋಯುತ್ತಿತ್ತು ಎಂದು ನಾನು ಕಂಡಿದ್ದೇನೆ.

ಸಭೆಯಲ್ಲಿ ನನಗೂ ಎರಡು ಮಾತಾಡಲು ಹೇಳಿದರು. ಇದನ್ನೇ ಹೇಳಿದೆ. ಒಂದು ಶಾಲು ಹೊದಿಸಿದರು. ಸಂಜೆ ಅದನ್ನು ತಂದು ದೊಡ್ಡಮ್ಮನ ಹೆಗಲಿಗೆ ಹಾಕಿದೆ. ಈಗ ಅವಳಿಗೆ ಕಣ್ಣು ಮಂಜು. ಬೀದಿಯಲ್ಲಿ ಪಾವೂ ಇಲ್ಲ. ಬಸ್ಸು ಮನೆ ಬಾಗಿಲಿಗೇ ಬಂದು ನನ್ನ ಮಗಳನ್ನು ಹತ್ತಿಸಿಕೊಳ್ಳುತ್ತದೆ. ದೊಡ್ಡಮ್ಮ ಶಾಲಿನ ಅಂಚನ್ನು ಬೆರಳಲ್ಲಿ ತೀಡಿ, ‘ಮಿಷಿನ್‌ದು’ ಎಂದು ತೀರ್ಪು ಕೊಟ್ಟಳು.

‘ನಿನ್ನ ಹೆಸರು ಮೈಕಲ್ಲಿ ಹೇಳ್ದೆ ದೊಡ್ಡಮ್ಮಾ.’

‘ಏನಂತ?’

‘ಪಾವು ಎತ್ತಿದ್ದು.’

‘ಎತ್ತಿದ್ದೇನ್ ಪೆರಿಸಾ, ದೊಡ್ಡ ಕೆಲ್ಸಾನಾ? ಯಾರ್ ಪಾವಾದ್ರೂ ದಿನಾ ನಿನ್ ಜಡೆಗೆ ಸಿಕ್ಕಿ ಎಳೆ ಕಿತ್ತೋಗ್ತಿತ್ತಲ್ಲ, ನೀನ್ ಬಸ್ ಹತ್ತಿ ಹೋದ್ಮೇಲೆ ಕೂತ್ಕಂಡು ಗಂಟು ಹಾಕ್ತಿದ್ದವರ್ಯಾರು? ಅದನ್ನ ಹೇಳ್ದಿಯಾ?’

ಹೇಳಿರಲಿಲ್ಲ. ನನಗೆ ಗೊತ್ತೇ ಇರಲಿಲ್ಲ. ಅದಕ್ಕೇ ಇಲ್ಲಿ ಹೇಳುತ್ತಿದ್ದೇನೆ. ನಿಮ್ಮ ಮನೆಯ ಪೆಟ್ಟಿಗೆಯಲ್ಲಿ ನಮ್ಮ ಕಡೆಯ ಹಳೆಯ ಕೈಮಗ್ಗದ ಸೀರೆ ಇದ್ದು, ಮಡಿಕೆಯಲ್ಲೆಲ್ಲೋ ಸಣ್ಣದೊಂದು ಗಂಟು ಬೆರಳಿಗೆ ತಾಗಿದರೆ, ನೇಕಾರರನ್ನು ಬೈಯಬೇಡಿ. ಅವತ್ತು ನನಗೆ ಬಸ್ಸು ಸಿಕ್ಕಿತ್ತು.