ಗೇಜಿನ ಗಾಜಿಗೆ ಅಂಟಿಸಿದ ಬೊಟ್ಟು

ಆ ಸಂಜೆಯ ಮಾತು ಬಂದರೆ ಈಗಲೂ ನನ್ನ ಬಲಗೈಯ ಹೆಬ್ಬೆರಳು ತಾನಾಗಿ ತೋರುಬೆರಳಿಗೆ ಒತ್ತಿಕೊಳ್ಳುತ್ತದೆ, ಬೆಂಕಿಕಡ್ಡಿ ಹಿಡಿದ ಹಾಗೆ. ಅದಕ್ಕೇ ಕಂಡದ್ದನ್ನು ಕಂಡಷ್ಟೇ, ಕ್ರಮವಾಗಿ ಬರೆದಿಡಬೇಕು ಅನಿಸಿತು.

ನಾನು ಇಲ್ಲಿ ಗಲ್ಫಿನಲ್ಲಿ, ಸಲ್ವಾದ ಒಂದು ಮನೆಯಲ್ಲಿ ವಯಸ್ಸಾದ ಹೆಂಗಸೊಬ್ಬರನ್ನು ನೋಡಿಕೊಳ್ಳುತ್ತೇನೆ. ಮನೆಯ ಕೆಲಸದವರೆಲ್ಲ ಅವರನ್ನು ಕರೆಯುವುದು ‘ಮಾಮಾ ಕಬೀರಾ’ ಎಂದು, ದೊಡ್ಡಮ್ಮ ಅನ್ನುವ ಹಾಗೆ. ಅವರ ಮಗನೇ ನಮ್ಮ ಕಫೀಲ್, ವೀಸಾ ಕೊಟ್ಟು ಕರೆಸಿಕೊಂಡ ಧಣಿ. ಇಲ್ಲಿ ಇರಲು ಬೇಕಾದ ಪರವಾನಗಿ, ನನ್ನ ಇಕಾಮಾ, ನನ್ನ ಗಂಡನ ಇಕಾಮಾ ಎರಡೂ ಅವರ ಕೈಯಲ್ಲಿ. ಹೋಟೆಲುಗಳ ಅಡುಗೆಮನೆಗೆ ಒಲೆ, ಗ್ಯಾಸ್ ಪೈಪು ಕೂರಿಸಿಕೊಡುವುದು ಅವರ ವ್ಯಾಪಾರ. ನನ್ನ ಗಂಡ ಅಲ್ಲಿ ಹನ್ನೊಂದು ವರ್ಷದಿಂದ ಹೆಲ್ಪರ್. ಫಿಟ್ಟರುಗಳ ಹಿಂದೆ ಟೂಲ್‌ಬಾಕ್ಸ್ ಹೊತ್ತು ನಡೆಯುವುದು, ಕೇಳಿದ ಸ್ಪ್ಯಾನರ್ ಕೊಡುವುದು, ಕೆಲಸ ಮುಗಿದ ಮೇಲೆ ನೆಲ ಒರೆಸುವುದು. ಒಬ್ಬರೇ ಹೋಗಿ ಒಂದು ಒಲೆ ಕೂರಿಸಿದ್ದೂ ಇರಲಿಲ್ಲ.

ಚಳಿಗಾಲ ಬಂತೆಂದರೆ ಇಲ್ಲಿಯವರು ಮರುಭೂಮಿಗೆ ಹೋಗಿ ಡೇರೆ ಹಾಕುತ್ತಾರೆ. ಮಾಮಾ ಕಬೀರಾಗೆ ಮಂಡಿನೋವು, ಡೇರೆಯ ನೆಲಹಾಸಿನಲ್ಲಿ ಕೂತರೆ ಏಳಲಾಗುವುದಿಲ್ಲ. ಆದರೂ ಒಂದು ವಾರ ಮರಳಿನಲ್ಲಿ ಮಲಗಿ ಬರಬೇಕು ಎಂದು ಅವರ ಹಟ. ಮಗ ಎಲ್ಲಿಂದಲೋ ಒಂದು ಹಳೆಯ ಕ್ಯಾರವಾನ್ ಕೊಂಡರು. ಚಕ್ರದ ಮೇಲಿನ ಮನೆ ಅದು. ಒಳಗೇ ಮಂಚ, ಒಲೆ, ಹೀಟರ್, ಬಚ್ಚಲು. ಜಹ್ರಾ ದಾಟಿ ಸಾಕಷ್ಟು ಮುಂದೆ, ಇನ್ನೂ ಕೆಲವು ಬಿಡಾರಗಳಿದ್ದ ಕಡೆ ಅದನ್ನು ತಂದು ನಿಲ್ಲಿಸಿ ಚಕ್ರಕ್ಕೆ ಕಲ್ಲು ಕೊಟ್ಟರು. ಅದರೊಳಗಿನ ಪುಟ್ಟ ಸಿಲಿಂಡರು ಹೀಟರಿಗೆ ಎರಡು ದಿನವೂ ಸಾಲದು. ಹೊರಗೆ ಒಂದು ದೊಡ್ಡ ಪ್ರೊಪೇನ್ ಟ್ಯಾಂಕ್ ಇಟ್ಟು, ಅಲ್ಲಿಂದ ಪೈಪು ಎಳೆದು ಕ್ಯಾರವಾನಿಗೆ ಜೋಡಿಸಬೇಕು. ಇದ್ದ ಫಿಟ್ಟರು ರಜೆಯಲ್ಲಿ ಊರಿಗೆ ಹೋಗಿದ್ದರು. ಕಫೀಲ್ ನನ್ನ ಗಂಡನನ್ನು ಕರೆದು, “ಇದು ನೀನು ಮಾಡು. ಸರಿಯಾಗಿ ಮಾಡಿದರೆ ಮುಂದಿನ ವಾರದಿಂದ ನೀನೇ ಫಿಟ್ಟರ್” ಅಂದರು.

ಅಂದು ನಾವು ನಾಲ್ವರು. ಕಫೀಲ್, ಕಾರಿನ ಹಿಂದಿನ ಸೀಟಿನಲ್ಲಿ ಕಂಬಳಿ ಹೊದ್ದ ಮಾಮಾ ಕಬೀರಾ, ನಾನು, ನನ್ನ ಗಂಡ.

ಟ್ಯಾಂಕು ನನ್ನ ಎದೆಯೆತ್ತರ ಇತ್ತು. ನನ್ನ ಗಂಡ ಅದನ್ನು ಕ್ಯಾರವಾನಿನಿಂದ ದೂರ, ಸಿಮೆಂಟಿನ ಹಲಗೆಯ ಮೇಲೆ ನೆಟ್ಟಗೆ ನಿಲ್ಲಿಸಿ ಸರಪಳಿ ಬಿಗಿದರು. ರೆಗ್ಯುಲೇಟರನ್ನು ತಿರುಗಿಸಿ ಕೂರಿಸುವಾಗ, “ನೋಡು, ಇದರ ತಿರುಪು ಉಲ್ಟಾ, ಎಡಕ್ಕೆ ತಿರುಗಿಸಿದರೆ ಬಿಗಿ” ಅಂದರು. ಹೀಗೆ ಅವರು ನನಗೆ ಏನನ್ನಾದರೂ ತೋರಿಸಿ ಹೇಳಿದ್ದು ಅದೇ ಮೊದಲು. ರೆಗ್ಯುಲೇಟರಿನ ಮುಂದೆ ಒಂದು ಗೇಜು. ಅಂಗೈಯಗಲದ ಗಾಜು, ಒಳಗೆ ಕಪ್ಪು ಮುಳ್ಳು. ಅಲ್ಲಿಂದ ಪೈಪು ಕ್ಯಾರವಾನಿನ ಹೊಟ್ಟೆಯ ಕೆಳಗೆ ಹೋಗುತ್ತಿತ್ತು.

ಟ್ಯಾಂಕನ್ನು ನಿಧಾನವಾಗಿ ತೆರೆದರು. ಮುಳ್ಳು ಎದ್ದಿತು. ಮತ್ತೆ ಟ್ಯಾಂಕ್ ಬಂದ್ ಮಾಡಿದರು. ಸೋಪಿನ ನೀರಿನಲ್ಲಿ ಬ್ರಶ್ ಅದ್ದಿ ಹೊರಗಿನ ಒಂದೊಂದು ಕೀಲಿಗೂ ಹಚ್ಚಿದರು. ಎಲ್ಲೂ ಗುಳ್ಳೆ ಬರಲಿಲ್ಲ.

“ಖಲಾಸ್?” ಅಂದರು ಕಫೀಲ್.

“ಹತ್ತು ನಿಮಿಷ, ಬಾಬಾ. ಮುಳ್ಳು ನೋಡಬೇಕು.” ಆಮೇಲೆ ನನ್ನ ಕಡೆ ತಿರುಗಿ, “ಮಾರಾಯ್ತಿ, ಒಂದು ಬೊಟ್ಟು ಕೊಡು” ಅಂದರು.

“ಎಂತಕ್ಕೆ ಮಾರಾಯ್ರೇ?”

“ಕೊಡು, ಹೇಳ್ತೇನೆ.”

ಪರ್ಸಿನಲ್ಲಿದ್ದ ಬೊಟ್ಟಿನ ಹಾಳೆಯಿಂದ ಒಂದು ಕೆಂಪು ಸ್ಟಿಕರನ್ನು ಕಿತ್ತು ಕೊಟ್ಟೆ. ಮುಳ್ಳಿನ ತುದಿ ನಿಂತ ಜಾಗಕ್ಕೆ ಸರಿಯಾಗಿ ಗಾಜಿನ ಮೇಲೆ ಅದನ್ನು ಅಂಟಿಸಿದರು. ಕಫೀಲ್ ಬಗ್ಗಿ ನೋಡಿ ಜೋರಾಗಿ ನಕ್ಕರು. “ಯೇ ಕ್ಯಾ ಸದೀಕ್? ಮೀಟರ್ ಕಾ ಶಾದಿ?” ಇದೇನು ಗೆಳೆಯಾ, ಮೀಟರಿಗೆ ಮದುವೆಯಾ ಅಂತ.

“ಹಾಂ ಬಾಬಾ. ಈಗ ಈ ಮದುಮಗಳು ಮನೆ ಬಿಟ್ಟು ಹೋಗ್ತಾಳಾ ನೋಡುವ,” ಅಂದರು ನನ್ನ ಗಂಡ ಹಿಂದಿಯಲ್ಲೇ. ಕಾರಿನಲ್ಲಿದ್ದ ಮಾಮಾ ಕಬೀರಾಗೂ ಮಗ ಅರಬಿಯಲ್ಲಿ ಹೇಳಿದರು. ಅವರೂ ನಕ್ಕರು.

ಮುಂದಿನದನ್ನು ಹೇಳುವುದು ಕಷ್ಟ. ಆ ಹತ್ತು ನಿಮಿಷದಲ್ಲಿ ಹಾಸಿಗೆ ಹಾಕೋಣವೆಂದು ನಾನು ಕ್ಯಾರವಾನಿನ ಒಳಗೆ ಹೋದೆ. ಒಂದು ವಾರದಿಂದ ಧೂಳಿನ ಶೀತ, ಮೂಗು ಪೂರ್ತಿ ಕಟ್ಟಿತ್ತು. ಹೊದಿಕೆ ಹರಡಿದೆ, ದಿಂಬು ಇಟ್ಟೆ. ಆಮೇಲೆ ಒಲೆ ಕಂಡಿತು. ಹೊಸದಾಗಿ ಹಚ್ಚುವ ಒಲೆಯೆಂದರೆ ಮೊದಲು ಅದಕ್ಕೊಂದು ಊದುಬತ್ತಿ ತೋರಿಸಬೇಕು. ನಮ್ಮಮ್ಮ ಮಾಡುತ್ತಿದ್ದರು, ಖೈತಾನ್‌ನ ಬಾಡಿಗೆ ರೂಮಿನಲ್ಲಿ ನಾನೂ ಮಾಡಿದ್ದೆ. ಅದಕ್ಕೆಂದೇ ಪರ್ಸಿನಲ್ಲಿ ಎರಡು ಊದುಬತ್ತಿ, ಒಂದು ಬೆಂಕಿಪೊಟ್ಟಣ ತಂದಿದ್ದೆ. ಗಂಡನ ಮೊದಲ ಕೆಲಸ ತಾನೇ. ಊದುಬತ್ತಿಯನ್ನು ಎಡಗೈಯಲ್ಲಿ ಹಿಡಿದೆ. ಕಡ್ಡಿ ತೆಗೆದು ಪೊಟ್ಟಣದ ಪಕ್ಕಕ್ಕೆ ಇಟ್ಟೆ. ಇಟ್ಟೆ ಅಷ್ಟೆ, ಗೀರಿರಲಿಲ್ಲ.

ಬಾಗಿಲಲ್ಲಿ ನನ್ನ ಗಂಡ ನಿಂತಿದ್ದರು. ಕಿರುಚಲಿಲ್ಲ. ಮಲಗಿದ ಮಗುವಿನ ಪಕ್ಕ ಮಾತಾಡುವ ದನಿಯಲ್ಲಿ, “ಗೀರಬೇಡ. ಕಡ್ಡಿ ಹಾಗೇ ಹಿಡಿದುಕೊಂಡು ಇಳಿದು ಬಾ. ಸ್ವಿಚ್ಚು ಮುಟ್ಟಬೇಡ” ಅಂದರು. ನಾನು ಇಳಿದೆ. ಅವರು ಪೊಟ್ಟಣವನ್ನು ನನ್ನ ಕೈಯಿಂದ ತೆಗೆದು ತಮ್ಮ ಪ್ಯಾಂಟಿನ ಜೇಬಿಗೆ ಹಾಕಿಕೊಂಡರು. ಕಫೀಲ್ ಕಾರಿನ ಹತ್ತಿರ ಇದ್ದರು, ಇದನ್ನು ನೋಡಿರಲಿಲ್ಲ. ನನ್ನ ಗಂಡ ಅವರಿಗೆ ಹೇಳಲೂ ಇಲ್ಲ.

ಮುಳ್ಳು ಬೊಟ್ಟಿನಿಂದ ಕೆಳಗೆ ಇಳಿದಿತ್ತು. ಅಕ್ಕಿಕಾಳಿನಷ್ಟು. ನಾನು ನೋಡುತ್ತಿದ್ದಂತೆ ಇನ್ನೂ ಕೂದಲೆಳೆಯಷ್ಟು ಇಳಿಯಿತು.

“ಟ್ಯಾಂಕು ಬಂದ್ ಇದ್ದೂ ಮುಳ್ಳು ಇಳೀತದೆ ಅಂದರೆ ಗ್ಯಾಸ್ ಎಲ್ಲೋ ಸೋರುತ್ತಾ ಉಂಟು, ಬಾಬಾ. ಇವತ್ತು ಹಚ್ಚುವುದು ಸಾಧ್ಯವೋ ಇಲ್ಲವೋ ಹುಡುಕಿದ ಮೇಲೆ ಹೇಳ್ತೇನೆ.”

ಕಫೀಲ್ ಹತ್ತಿರ ಬಂದು ಮುಳ್ಳು ನೋಡಿದರು. ಸೂರ್ಯ ಇಳಿಯುತ್ತಿದ್ದ, ಗಾಳಿ ತಣ್ಣಗಾಗುತ್ತಿತ್ತು. “ಚಳಿಗೆ ಇಳಿದಿದೆ ಅದು. ನನಗೆ ಗೊತ್ತಿಲ್ಲವಾ? ಹದಿನೈದು ವರ್ಷದಿಂದ ಇದೇ ವ್ಯಾಪಾರ. ಸೋಪು ಹಾಕಿದ್ದೀ, ಗುಳ್ಳೆ ಇಲ್ಲ. ಯಲ್ಲಾ, ನಡಿ, ಹೀಟರ್ ಹಚ್ಚು. ಅಮ್ಮನಿಗೆ ಚಳಿ.”

“ಚಳಿಗೆ ಆದರೆ ಸ್ವಲ್ಪ ಇಳಿದು ನಿಲ್ತದೆ. ಇದು ನಿಲ್ತಾ ಇಲ್ಲ.”

“ನೀನು ಹೆಲ್ಪರ್. ಫೋನ್ ಮಾಡಿ ಫಿಟ್ಟರನ್ನು ಕೇಳಲಾ?”

“ಕೇಳಿ, ಬಾಬಾ. ಅವರು ಹಚ್ಚು ಅಂದರೂ ನಾನು ಹಚ್ಚೋದಿಲ್ಲ.” ಹೀಗೆಂದು ಸ್ಪ್ಯಾನರ್ ತೆಗೆದು ರೆಗ್ಯುಲೇಟರನ್ನು ಟ್ಯಾಂಕಿನಿಂದ ಬಿಚ್ಚಿ ಕೈಯಲ್ಲಿ ಹಿಡಿದು ನಿಂತರು. ಅವರ ಕಿವಿ ಕೆಂಪಾಗಿತ್ತು. ಹೆದರಿದಾಗ ಹಾಗಾಗುತ್ತದೆ, ನನಗೆ ಗೊತ್ತು. ಫಿಟ್ಟರ್ ಆಗುವುದು ಅಲ್ಲಿಗೆ ಮುಗಿಯಿತು ಅಂದುಕೊಂಡೆ. ಇಕಾಮಾ ಏನಾಗುತ್ತದೋ ಎಂಬುದೂ ಮನಸ್ಸಿಗೆ ಬಂತು. ಆದರೂ ಆ ಕ್ಷಣ ನನಗೆ ಅವರ ಪಕ್ಕ ಹೋಗಿ ನಿಲ್ಲಬೇಕೆನಿಸಿತು. ಹೋಗಿ ನಿಂತೆ.

ಕಾರಿನ ಗಾಜು ಇಳಿಯಿತು. ಮಾಮಾ ಕಬೀರಾ ಮಗನನ್ನು ಏನಾಯಿತೆಂದು ಕೇಳಿದರು. ಮಗ ಸಿಟ್ಟಿನಲ್ಲೇ ಹೇಳಿದರು. ಅದಕ್ಕೆ ತಾಯಿ ಕೊಟ್ಟ ಉತ್ತರದಲ್ಲಿ, ನನಗೆ ಬರುವಷ್ಟು ಅರಬಿಯಲ್ಲಿ, ಅರ್ಥವಾದದ್ದು ಇಷ್ಟು: “ಅವನ ಹೆಂಡತಿಯೂ ನನ್ನ ಜೊತೆ ಅದರೊಳಗೇ ಮಲಗುವವಳು. ಅವನು ನೋಡಲಿ ಬಿಡು. ಫ್ಲಾಸ್ಕಿನಲ್ಲಿ ಚಹಾ ಇದೆ.”

ಕಫೀಲ್ ಕಾರಿಗೆ ಒರಗಿ ಸಿಗರೇಟು ಹೊರತೆಗೆದರು. ನನ್ನ ಗಂಡ ಅವರನ್ನೇ ನೋಡಿದರು. ಕಫೀಲ್ ಅದನ್ನು ಮತ್ತೆ ಪ್ಯಾಕಿನೊಳಗೆ ಇಟ್ಟರು.

ನನ್ನ ಗಂಡ ಕ್ಯಾರವಾನಿನ ಬಾಗಿಲು, ಕಿಟಕಿ, ನೆಲದ ಮುಚ್ಚಳ ಎಲ್ಲ ತೆರೆದಿಟ್ಟರು. ಈ ಗ್ಯಾಸು ಗಾಳಿಗಿಂತ ಭಾರ, ನೆಲದಲ್ಲೇ ಕೂರುತ್ತದೆ ಅಂದರು. ಅಲ್ಲೇ ತಾನೇ ನಾನು ನಿಂತಿದ್ದು. ಗಾಳಿ ಸಾಕಷ್ಟು ಆಡಿದ ಮೇಲೆ ಟಾರ್ಚನ್ನು ಹೊರಗೇ ಹೊತ್ತಿಸಿಕೊಂಡು ಒಳಗೆ ಹೋಗಿ ಹೊಟ್ಟೆಯ ಮೇಲೆ ಮಲಗಿದರು. ಹಿಂದಿನ ಮಾಲೀಕರು ಕಿತ್ತೊಯ್ದ ಫ್ರಿಜ್ಜಿನ ಜಾಗದಲ್ಲಿ, ಹಲಗೆಯ ಹಿಂದೆ, ಒಂದು ತಾಮ್ರದ ಪೈಪಿನ ತುದಿ ಇತ್ತು. ಅದಕ್ಕೆ ಮುಚ್ಚಳವಿರಲಿಲ್ಲ. ರಬ್ಬರು ತುರುಕಿ, ಮೇಲೆ ಕಪ್ಪು ಟೇಪು ಸುತ್ತಿದ್ದರು. ಟೇಪು ಒಣಗಿ ಬಿರುಕು ಬಿಟ್ಟಿತ್ತು. ಕಫೀಲ್ ತಾವೇ ಬಂದು ಬಗ್ಗಿ ನೋಡಿದರು. ಬಹಳ ಹೊತ್ತು ನೋಡಿದರು.

ಟ್ಯಾಂಕು ಬಂದ್ ಇದ್ದದ್ದರಿಂದ ಸೋರಿದ್ದು ಪೈಪಿನಲ್ಲಿದ್ದಷ್ಟೇ, ಸ್ವಲ್ಪವೇ, ಎಂದು ನನ್ನ ಗಂಡ ಆಮೇಲೆ ನನಗೆ ಹೇಳಿದರು. ನಾನು ಗೀರಿದ್ದರೆ ಏನಾಗುತ್ತಿತ್ತು ಎಂದು ನನಗೆ ಗೊತ್ತಿಲ್ಲ. ಏನೂ ಆಗದೆಯೂ ಇರಬಹುದಿತ್ತು. ಆದರೆ ಆ ದಿನ ಅವರು ಮುಳ್ಳು ನೋಡದೆ ಟ್ಯಾಂಕು ತೆರೆದೇ ಬಿಟ್ಟಿದ್ದರೆ, ಅಷ್ಟು ಹೊತ್ತು ಸೋರಿದ ಗ್ಯಾಸಿನ ನಡುವೆ ಊದುಬತ್ತಿ ಹಿಡಿದು ನಿಂತವಳು ನಾನೇ.

ಹಿತ್ತಾಳೆಯ ಮುಚ್ಚಳ ಕೂರಿಸಿ, ಸೋಪು ಹಚ್ಚಿ, ರೆಗ್ಯುಲೇಟರ್ ಮತ್ತೆ ಜೋಡಿಸಿ, ಟ್ಯಾಂಕು ತೆರೆದು ಮುಚ್ಚಿದರು. ಬೊಟ್ಟನ್ನು ಕಿತ್ತು ಮುಳ್ಳಿನ ಹೊಸ ಜಾಗಕ್ಕೆ ಅಂಟಿಸಿದರು. ಈ ಸಲ ಕಫೀಲ್ ಒಂದು ಬಕೆಟ್ ಬೋರಲು ಹಾಕಿ ಗೇಜಿನ ಎದುರು ಕೂತರು. ಹತ್ತು ನಿಮಿಷವಾಯಿತು. ಮುಳ್ಳು ಬೊಟ್ಟಿನಲ್ಲೇ ಇತ್ತು.

“ಯಲ್ಲಾ?” ಅಂದರು ಕಫೀಲ್, ಮೆಲ್ಲಗೆ.

“ಇನ್ನೂ ಹತ್ತು, ಬಾಬಾ.”

ಅವರು ಕೂತೇ ಇದ್ದರು.

ಆಮೇಲೆ ನನ್ನ ಗಂಡ ಟ್ಯಾಂಕು ತೆರೆದು, ಜೇಬಿನಿಂದ ಬೆಂಕಿಪೊಟ್ಟಣ ತೆಗೆದು ನನಗೆ ಕೊಟ್ಟರು. “ಈಗ ಹಚ್ಚು.” ಎರಡು ಕಡ್ಡಿ ಮುರಿದವು. ಮೂರನೆಯದಕ್ಕೆ ಒಲೆ ನೀಲಿಯಾಗಿ ಹೊತ್ತಿಕೊಂಡಿತು. ಹೀಟರನ್ನು ಅವರೇ ಹಚ್ಚಿದರು. ಮಾಮಾ ಕಬೀರಾರನ್ನು ಇಬ್ಬರೂ ಹಿಡಿದು ಒಳಗೆ ಕೂರಿಸಿದೆವು.

ಪಕ್ಕದ ಬಿಡಾರದವರೊಬ್ಬರು ಮರುದಿನ ಬೆಳಿಗ್ಗೆ ಬಂದರು. ಅವರಿಗೂ ಅಂಥದೇ ಟ್ಯಾಂಕು ಜೋಡಿಸಬೇಕಿತ್ತು, ಸಂಜೆಯೊಳಗೆ. ಕಫೀಲ್ ನನ್ನ ಗಂಡನ ಕಡೆ ಕೈ ತೋರಿಸಿದರು. “ನನ್ನ ಫಿಟ್ಟರನ್ನು ಕೇಳು. ಅವನು ಆಗಲ್ಲ ಅಂದರೆ ನಾನೂ ಏನೂ ಮಾಡಲಾರೆ.”

ನನ್ನ ಗಂಡ ಟೂಲ್‌ಬಾಕ್ಸ್ ಎತ್ತಿಕೊಂಡು ಎರಡು ಹೆಜ್ಜೆ ನಡೆದವರು ನಿಂತು ತಿರುಗಿದರು.

“ಮಾರಾಯ್ತಿ, ಇನ್ನೊಂದು ಬೊಟ್ಟು ಉಂಟಾ?”

ನಾನು ಹಾಳೆಯನ್ನೇ ಕೊಟ್ಟೆ.